ನೋಡಬಾರದಿದ್ದ ಗೆರೆ

ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಪೈಪು, ನಲ್ಲಿ, ಮೋಟಾರು ಮಾರುವ ರೇಣುಕಪ್ಪನವರಿಗೆ ಒಂದು ಪ್ರಶ್ನೆ ಕಂಡರೆ ಆಗುತ್ತಿರಲಿಲ್ಲ: "ಮಗಳು ಎಂಥ ಕೆಲಸದಲ್ಲಿದಾಳೆ?" ವಿಜ್ಞಾನಿ ಎಂದರೆ "ರಾಕೆಟ್ಟಾ?" ಎನ್ನುತ್ತಾರೆ. ರಾಕೆಟ್ಟಲ್ಲ ಎಂದರೆ "ಹಂಗಾದ್ರೆ ಬಾಂಬಾ?" ಎನ್ನುತ್ತಾರೆ. ಎರಡೂ ಅಲ್ಲ ಎಂದಾಗ ಕೇಳಿದವರ ಮುಖದಲ್ಲಿ ಅಯ್ಯೋ ಪಾಪ ಎನ್ನುವ ಕಳೆ ಬರುತ್ತದಲ್ಲ, ಅದನ್ನು ನೋಡಿದರೆ ರೇಣುಕಪ್ಪನವರಿಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲಾಮೇಲೆ "ಅಟಾಮಿಕ್ಕಿನದ್ದು" ಎಂದು ಒಂದೇ ಮಾತಿಗೆ ಮುಗಿಸಿ, ಗಿರಾಕಿಗೆ ಬೇಕಾದ ನಲ್ಲಿ ಕೊಟ್ಟು ಕಳಿಸಿಬಿಡುತ್ತಿದ್ದರು.

ಅವರದೇನು ತಪ್ಪು ಹೇಳಿ. ಮಗಳು ದೀಕ್ಷಾ ಹಿಡಿಯಲು ಹೊರಟ ವಸ್ತುವೇ ಅಂಥದ್ದು. ನ್ಯೂಟ್ರಿನೊ ಎಂಬ ಕಣ. ಅಣುಸ್ಥಾವರದಿಂದ ಲೆಕ್ಕಕ್ಕೆ ಸಿಗದಷ್ಟು ಹೊರಟು ಗೋಡೆ, ಗುಡ್ಡ, ನೀವು, ನಾವು ಯಾವುದನ್ನೂ ಕ್ಯಾರೇ ಅನ್ನದೆ ದಾಟಿಹೋಗುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ಎಡವುತ್ತದೆ. ಆ ಎಡವಿದ್ದನ್ನು ಹಿಡಿಯಲು ಸ್ಥಾವರದ ಪಕ್ಕದಲ್ಲಿ, ನೆಲದಡಿಯಲ್ಲಿ, ಎಣ್ಣೆಯಂಥ ದ್ರವ ತುಂಬಿದ ದೊಡ್ಡದೊಂದು ತೊಟ್ಟಿ ಇಟ್ಟಿದ್ದಾರೆ. ಎಡವಿದ ಕಣ ದ್ರವದಲ್ಲಿ ಮಿಣುಕ್ ಎಂದು ಒಂದು ಬೆಳಕು ಬಿಡುತ್ತದೆ, ಅದರ ಬೆನ್ನಿಗೇ ಇನ್ನೊಂದು. ಆದರೆ ಹಾಳುಮೂಳೆಲ್ಲ ಆ ತೊಟ್ಟಿಯಲ್ಲಿ ಮಿಣುಕುತ್ತದೆ. ಆಕಾಶದಿಂದ ಬಿದ್ದದ್ದು, ಕಲ್ಲಿನಿಂದ ಬಂದದ್ದು, ತೊಟ್ಟಿಯ ಗೋಡೆಯದ್ದು. ಯಾವ ಜೋಡಿ ಬೆಳಕು ನಿಜವಾದ ನ್ಯೂಟ್ರಿನೊ, ಯಾವುದು ಕಸ ಎಂದು ಜರಡಿ ಹಿಡಿಯುವುದು ದೀಕ್ಷಾಳ ಕೆಲಸ. ಜರಡಿ ಅಂದರೆ ಕಂಪ್ಯೂಟರಿನಲ್ಲಿ ಬರೆದ ನಿಯಮಗಳು, ಅಷ್ಟೇ.

ಇಷ್ಟೆಲ್ಲ ಯಾಕೆ? ಹೊರಟ ಕಣಗಳಲ್ಲಿ ಕೆಲವು ದಾರಿಯಲ್ಲೇ ಮಾಯವಾಗುತ್ತವೆಯೇ, ಇದುವರೆಗೆ ಯಾರ ಕೈಗೂ ಸಿಗದ ಬೇರೊಂದು ಬಗೆಯ ಕಣವಾಗಿ ಬದಲಾಗುತ್ತವೆಯೇ ಎಂದು ತಿಳಿಯುವುದಕ್ಕೆ. ಬದಲಾಗುತ್ತಿದ್ದರೆ ಲೆಕ್ಕದ ಕೊನೆಯಲ್ಲಿ ಬರುವ ಗ್ರಾಫಿನ ಗೆರೆ ಅಲೆಯಂತೆ ಬಳುಕುತ್ತದೆ. ಇಲ್ಲದಿದ್ದರೆ ನೆಟ್ಟಗೆ ಮಲಗಿರುತ್ತದೆ. ಬಳುಕಿದರೆ ಭೌತಶಾಸ್ತ್ರದ ಪುಸ್ತಕ ತಿದ್ದಬೇಕು. ನೆಟ್ಟಗಿದ್ದರೆ "ಏನೂ ಇಲ್ಲ" ಎಂದು ಬರೆದು ಮುಗಿಸಬೇಕು.

ಇನ್ನು ಈ ಜನರದ್ದೊಂದು ಕಟ್ಟಳೆ ಇದೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆ ಗೆರೆಯನ್ನು ಯಾರೂ ಮೊದಲೇ ನೋಡಬಾರದು. ತಮ್ಮ ಮನಸ್ಸನ್ನೇ ನಂಬದ ಜನ ಇವರು. ಗೆರೆ ಕಂಡರೆ ನಮಗೆ ಗೊತ್ತಿಲ್ಲದೆಯೇ ಬೇಕಾದ ಉತ್ತರದ ಕಡೆಗೆ ಜರಡಿಯನ್ನು ವಾಲಿಸಿಬಿಡುತ್ತೇವೆ ಎಂದು ಅವರಿಗೆ ಗೊತ್ತು. ಅದಕ್ಕೇ ನಿಜವಾದ ಅಂಕಿಗಳ ಮೇಲೆ ಪ್ರೋಗ್ರಾಮಿನಲ್ಲೇ ಒಂದು ಮುಸುಕು ಹಾಕಿಟ್ಟಿರುತ್ತಾರೆ. ಮುಸುಕು ಇದ್ದಾಗ ಬರುವ ಗೆರೆ ಸುಳ್ಳು ಗೆರೆ, ಅದರ ಮೂಲೆಯಲ್ಲಿ ಬೂದು ಬಣ್ಣದಲ್ಲಿ ಒಂದು ಮುದ್ರೆಯೂ ಇರುತ್ತದೆ. ಜರಡಿ ಯಾವುದೆಂದು ಗಟ್ಟಿಯಾಗಿ ನಿಶ್ಚಯವಾದ ಮೇಲೆ, ಪ್ರಯೋಗದಲ್ಲಿರುವ ಎಲ್ಲ ದೇಶದವರೂ ಸಭೆ ಸೇರಿ, ಎಲ್ಲರ ಎದುರಿಗೆ ಮುಸುಕು ತೆಗೆಯುತ್ತಾರೆ. ಆ ದಿನ ಮಾತಾಡುವುದು ಜರಡಿ ಮಾಡಿದವಳು. ನೂರಾರು ಹೆಸರುಗಳ ನಡುವೆ ಒಂದು ಹೆಸರು ಮೇಲೆ ಬರುವುದು ಆವತ್ತೊಂದೇ ದಿನ.

ದೀಕ್ಷಾ ಕಾಯುತ್ತಿದ್ದುದು ಆ ದಿನಕ್ಕೆ. ಪಿಎಚ್‌ಡಿ ಮುಗಿಸಿ ಹೊರರಾಜ್ಯದ ಸಂಶೋಧನಾ ಸಂಸ್ಥೆಯೊಂದರಲ್ಲಿ ತಾತ್ಕಾಲಿಕ ಹುದ್ದೆಯಲ್ಲಿದ್ದಳು. ಅದು ಈ ವರ್ಷಕ್ಕೆ ಮುಗಿಯುತ್ತಿತ್ತು. ಬೆಂಗಳೂರಿನ ಒಂದು ಸಂಸ್ಥೆ ಕಾಯಂ ಕೆಲಸಕ್ಕೆ ಸಂದರ್ಶನಕ್ಕೆ ಕರೆದಿತ್ತು. ಅಲ್ಲಿ ಕೇಳುವ ಮೊದಲ ಪ್ರಶ್ನೆ "ನಿನ್ನದು ಅಂತ ಏನಿದೆ?" ಎಂಬುದು. ಅವಳದು ಅಂತ ಇದ್ದದ್ದು ಆ ಜರಡಿ ಒಂದೇ.

ಕೂತಲ್ಲಿ ಕೂರುವ ಹುಡುಗಿ ಅವಳು ಮೊದಲಿನಿಂದಲೂ ಅಲ್ಲ. ಸ್ಕೂಲಿನಲ್ಲಿ ಮೇಷ್ಟ್ರು ಬೈದು ಸಾಕಾಗಿ ಕಿಟಕಿಯ ಪಕ್ಕ ನಿಲ್ಲಿಸಿದ್ದರು. ಕೊಪ್ಪದಲ್ಲಿ ಪಿಯುಸಿ ಓದುವಾಗ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋಗುತ್ತಿದ್ದಳು. ಇಂಥವಳಿಗೆ ಸಿಕ್ಕಿದ್ದು ವರ್ಷಗಟ್ಟಲೆ ಕಾಯುವ ಕೆಲಸ! ತೊಟ್ಟಿಯ ಪಂಪು ಕೆಟ್ಟಾಗ ಮಾತ್ರ ಅವಳಿಗೆ ಹಬ್ಬ. ಅಂಗಡಿಯಲ್ಲಿ ಬೆಳೆದ ಕೈ, ಸ್ಪ್ಯಾನರ್ ಹಿಡಿದು ಪೈಪಿನ ಸಂದಿಗೆ ನುಗ್ಗಿದರೆ ಹೊರಗೆ ಬರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ತಾಯಿ ನೀಲಾಂಬಿಕೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚುವವರೆಗೆ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ದೀಕ್ಷಾ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದಳು. ಅಡುಗೆ ಅವಳ ಪಾಲಿಗೆ ಬಂತು. ಅವಳು ತಟ್ಟಿದ ಅಕ್ಕಿರೊಟ್ಟಿ ನೋಡಿ ನೀಲಾಂಬಿಕೆ, "ಇದೇನೇ, ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಹಾಸುಗೆ" ಎಂದು ನಗುತ್ತಿದ್ದರು. ಆಮೇಲೆ ಅದನ್ನೇ ಫೋನು ಹಚ್ಚಿ ಶೆಟ್ಟಿಕೊಪ್ಪದ ತಂಗಿಗೆ ಹೇಳುತ್ತಿದ್ದರು. ನೀಲಾಂಬಿಕೆಗೆ ಒಂದು ವಿಷಯ ಗೊತ್ತಾದರೆ ಅದು ತಾಲ್ಲೂಕಿಗೇ ಗೊತ್ತಾಗುತ್ತಿತ್ತು.

ಸೋಮವಾರದೊಳಗೆ ದೀಕ್ಷಾ ಎರಡು ಜರಡಿಗಳಲ್ಲಿ ಒಂದನ್ನು ಆರಿಸಿ ಹೇಳಬೇಕಿತ್ತು. ಒಂದು ಸಡಿಲದ್ದು, ಇನ್ನೊಂದು ಬಿಗಿಯದ್ದು. ಸಡಿಲ ಜರಡಿಯಲ್ಲಿ ಸ್ವಲ್ಪ ಕಸ ಉಳಿದರೂ ನಿಜವಾದ ಕಣಗಳು ಕೈತಪ್ಪುವುದಿಲ್ಲ. ಬಿಗಿಯದ್ದು ಚೊಕ್ಕ, ಆದರೆ ಒಳ್ಳೆಯದನ್ನೂ ಕಸದ ಜೊತೆ ಬಿಸಾಕುತ್ತದೆ. ಅವಳ ಮನಸ್ಸು ಸಡಿಲದ ಕಡೆಗೇ ಇತ್ತು. ಶುಕ್ರವಾರ ಮಧ್ಯಾಹ್ನ, ಕೊನೆಯದಾಗಿ ಒಂದು ಸಲ ಪ್ರೋಗ್ರಾಂ ಸರಿಯಾಗಿ ಓಡುತ್ತದೋ ಇಲ್ಲವೋ ನೋಡೋಣ ಎಂದು ಕೂತಳು. ಕೂತದ್ದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ. ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ.

ಮೊದಲು ಉತ್ತುತ್ತಿನ ಅಂಕಿಗಳನ್ನು, ಅಂದರೆ ಕಂಪ್ಯೂಟರೇ ಕಟ್ಟಿಕೊಟ್ಟ ಸುಳ್ಳು ಅಂಕಿಗಳನ್ನು ಹಾಕಿ ಓಡಿಸಿದಳು. ಸುಳ್ಳಿಗೆ ಮುಸುಕು ಯಾತಕ್ಕೆ? ಅದಕ್ಕೆ ಪ್ರೋಗ್ರಾಮಿನಲ್ಲಿ ಮುಸುಕು ಹಾಕುವ ಸಾಲನ್ನು ಆಫ್ ಮಾಡಿದಳು. ಎಲ್ಲರೂ ಹಾಗೇ ಮಾಡುವುದು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಕೆಳಗಿನಿಂದ ನೀಲಾಂಬಿಕೆ, "ದೀಕ್ಷಾ, ಹಾಲು ಉಕ್ತಿದೆ ಕಣೇ!" ಎಂದು ಕೂಗಿದರು. ಓಡಿದಳು, ಹಾಲು ಇಳಿಸಿದಳು, ಒಲೆ ಒರೆಸಿದಳು, ಮೇಲೆ ಬಂದಳು. ನೆಟ್‌ವರ್ಕ್ ಬಂದಿತ್ತು. ಈಗ ನಿಜವಾದ ಅಂಕಿಗಳನ್ನು ಹಾಕಿದಳು. ಮುಸುಕಿನ ಸಾಲನ್ನು ಆನ್ ಮಾಡಿದ್ದೇನೆ ಎಂದುಕೊಂಡು ಬಟನ್ ಒತ್ತಿದಳು. ಮಾಡಿರಲಿಲ್ಲ.

ಪರದೆಯ ಮೇಲೆ ಅಕ್ಕಪಕ್ಕ ಎರಡು ಗೆರೆ ಬಂದವು. ಸಡಿಲ ಜರಡಿಯ ಗೆರೆ ನೆಟ್ಟಗೆ ಮಲಗಿತ್ತು. ಬಿಗಿ ಜರಡಿಯ ಗೆರೆ ಬಳುಕುತ್ತಿತ್ತು. ಚೆಂದದ ಅಲೆ. ದೀಕ್ಷಾ ಅಭ್ಯಾಸಬಲದಿಂದ ಮೂಲೆಯ ಬೂದು ಮುದ್ರೆಗೆ ಕಣ್ಣು ಹಾಯಿಸಿದಳು. ಮುದ್ರೆ ಇರಲಿಲ್ಲ.

ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು. ಮುಚ್ಚಿದರೇನು, ನೋಡಿಯಾಗಿತ್ತು. ಎದ್ದು ತಾರಸಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದಳು. ಹಾಳಾದ ಹಾಲು, ಹಾಳಾದ ನೆಟ್‌ವರ್ಕ್, ಹಾಳಾದ ನಾನು ಎಂದು ಬೈದುಕೊಂಡಳು. ಆ ಸಿಟ್ಟಿನ ಅಡಿಯಲ್ಲೇ ಒಂದು ಸಂತೋಷವೂ ಇತ್ತು, ಸುಳ್ಳು ಹೇಳಬಾರದು. ಅಲೆ ಇದೆ! ಇದ್ದರೂ ಇರಬಹುದು! ಆ ಸಂತೋಷ ಕಂಡೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅಣ್ಣ ವೀರೇಶನ ಹತ್ತಿರ ಎಲ್ಲ ಹೇಳಿಕೊಂಡಳು. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುವಂತಿತ್ತು. ವೀರೇಶ್ ಷಟರ್ ಎಳೆಯುತ್ತ ಕೇಳಿಸಿಕೊಂಡ.

"ನೀನು ನೋಡಿದ್ದನ್ನ ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಕಂಪ್ಯೂಟರಲ್ಲಿ ದಾಖಲೆ ಬೀಳುತ್ತಾ?"

"ಬೀಳುತ್ತೆ. ಅದನ್ನ ಯಾರೂ ತೆಗೆದು ನೋಡಲ್ಲ."

"ಹಂಗಾದ್ರೆ ಸುಮ್ನಿರೇ ಮಾರಾಯ್ತಿ! ಮೊದ್ಲು ಯಾವ್ದು ಅಂದ್ಕೊಂಡಿದ್ಯೋ ಅದನ್ನೇ ಹೇಳು, ಮುಗೀತು."

"ಅದನ್ನ ಹೇಳಿದ್ರೆ ಏನೂ ಇಲ್ಲ ಅಂತ ಬರುತ್ತೆ ಕಣೋ."

"ಹಂಗಾದ್ರೆ ಇನ್ನೊಂದನ್ನ ಹೇಳು."

"ಅದಕ್ಕೂ ಕಾರಣ ಇದೆ, ಒಳ್ಳೇ ಕಾರಣಾನೇ. ಆದ್ರೆ ನಿನ್ನೆ ತನಕ ಅದು ನಂಗೆ ಒಳ್ಳೇದು ಅನ್ನಿಸಿರ್ಲಿಲ್ಲ. ಇವತ್ತು ಮಧ್ಯಾಹ್ನದಿಂದ ಅನ್ನಿಸ್ತಿದೆ!"

ವೀರೇಶ್ ಷಟರಿನ ಬೀಗ ಎಳೆದು ನೋಡಿ, "ನಿಮ್ಮ ಕೆಲಸ ನಂಗೆ ಅರ್ಥ ಆಗಲ್ಲ ಬಿಡು. ಕಳ್ಳತನ ಮಾಡಿಲ್ಲ, ಕೊಲೆ ಮಾಡಿಲ್ಲ, ಒಂದು ಚಿತ್ರ ನೋಡಿದ್ದಕ್ಕೆ ಈ ಪಾಟಿ ಒದ್ದಾಟ" ಎಂದ. ಅವನ ಮಾತು ಅವಳಿಗೆ ಹಿತವಾಗಿತ್ತು. ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ಊಟಕ್ಕೆ ಕೂತಾಗ ಬಿಗಿ ಜರಡಿಯ ಪರವಾಗಿ ಅವಳ ತಲೆಯಲ್ಲಿ ಒಂದೊಂದೇ ವಾದ ಎದ್ದು ನಿಲ್ಲತೊಡಗಿತು. ತೊಟ್ಟಿಯ ಗೋಡೆಯ ಹತ್ತಿರದ ಬೆಳಕನ್ನು ನಂಬಬಾರದು, ಹಳೆಯ ಪ್ರಯೋಗದವರೂ ಬಿಗಿಯದ್ದನ್ನೇ ಬಳಸಿದ್ದರು, ಹೀಗೆ. ಒಂದಕ್ಕಿಂತ ಒಂದು ಚೆಲುವಾದ ವಾದ. ಯಾವುದನ್ನೂ ಸುಳ್ಳು ಎನ್ನುವಂತಿಲ್ಲ. ಸಡಿಲದ್ದನ್ನೇ ಹಟಕ್ಕೆ ಬಿದ್ದು ಆರಿಸಿದರೂ ಅದು ಪ್ರಾಮಾಣಿಕಳಾಗಿ ಕಾಣಬೇಕೆಂಬ ಹಟವಾಗುತ್ತಿತ್ತೇ ಹೊರತು ಆಯ್ಕೆ ಆಗುತ್ತಿರಲಿಲ್ಲ. ಅವಳ ತಲೆ ಇನ್ನು ಆರಿಸುವುದಕ್ಕೆ ಲಾಯಕ್ಕಾಗಿ ಉಳಿದಿರಲಿಲ್ಲ. ತಟ್ಟೆಯಲ್ಲಿ ರೊಟ್ಟಿ ಹಾಗೇ ಒಣಗಿತು.

ಮುಸುಕಿನ ಉಸ್ತುವಾರಿ ಇದ್ದದ್ದು ಯಜ್ಞೇಶನ ಕೈಯಲ್ಲಿ. ಅವಳಿಗಿಂತ ಕೆಲವು ವರ್ಷ ಹಿರಿಯ, ಕಿಗ್ಗದವನು, ಇದೇ ಪ್ರಯೋಗದಲ್ಲಿ ಬೇರೊಂದು ಸಂಸ್ಥೆಯ ಪ್ರೊಫೆಸರ್. ಮಲೆನಾಡಿನವರು ಎಲ್ಲಿ ಹೋದರೂ ಹೇಗೋ ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ. ಮೊದಲ ಸಭೆಯಲ್ಲೇ ಅವಳ ಮಾತು ಕೇಳಿ, "ಯಾವ ಊರು ಮಾರಾಯ್ತಿ ನಿಂದು?" ಎಂದಿದ್ದ. ಅವತ್ತಿನಿಂದ ಅವನು ಯಜ್ಞೇಶಣ್ಣ. ಮನೆಯಲ್ಲಿ ಪೂಜೆ ಇದೆಯೆಂದು ಅವನೂ ಊರಿಗೆ ಬಂದಿದ್ದ. ಫೋನು ಮಾಡಬಹುದಿತ್ತು. ಇಂಥ ವಿಷಯವನ್ನು ಎದುರಿಗೆ ನಿಂತೇ ಹೇಳಬೇಕು ಎಂದು ಅವಳಿಗೆ ಅನ್ನಿಸಿತು. ಮನೆಯಲ್ಲಿ ಕೂರುವುದಕ್ಕೂ ಆಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಕೊಪ್ಪದ ಬಸ್ಸು ಹತ್ತಿದಳು. ಶೆಟ್ಟಿಕೊಪ್ಪ ದಾಟುವಾಗಲೇ ಇಳಿದು ವಾಪಸ್ಸು ಹೋಗಿಬಿಡಲೇ ಎನ್ನಿಸಿತು. ಕೊಪ್ಪದಲ್ಲಿ ಬಸ್ಸು ಬದಲಾಯಿಸುವಾಗ ಇನ್ನೊಂದು ಸಲ ಅನ್ನಿಸಿತು. ಹೇಳಿದರೆ ಜರಡಿ ಕೈಬಿಡುತ್ತದೆ, ಆ ದಿನ ಮಾತಾಡುವುದು ತಪ್ಪುತ್ತದೆ, ಬೆಂಗಳೂರಿನ ಕೆಲಸವೂ ಹೆಚ್ಚುಕಡಿಮೆ ಹೋದ ಹಾಗೇ. ಶೃಂಗೇರಿಯಲ್ಲಿ ಕಿಗ್ಗದ ಬಸ್ಸಿನ ಕಂಡಕ್ಟರ್ ಅವಳ ಬ್ಯಾಗು ನೋಡಿ, "ಸಿರಿಮನೆ ಫಾಲ್ಸಿಗಾ ಮೇಡಂ? ಈಗ ನೀರಿಲ್ಲ" ಎಂದ. "ಅಲ್ಲ, ಬೈಸ್ಕೊಳ್ಳೋಕೆ" ಎಂದಳು. ಅವನು ಚೀಟಿ ಹರಿದು ಕೊಟ್ಟು ಮುಂದೆ ಹೋದ.

ಯಜ್ಞೇಶ ಜಗಲಿಯಲ್ಲಿ ಕೂತು ಬಾಳೆಲೆ ಒರೆಸುತ್ತಿದ್ದ. ಅವಳನ್ನು ಕಂಡು ಮುಖವರಳಿಸಿ, "ಓಹೋ, ಎಂತ ಇಷ್ಟು ದೂರ? ಪ್ರಸಾದಕ್ಕಾ?" ಎಂದ.

"ಯಜ್ಞೇಶಣ್ಣ, ಮುಸುಕಿಲ್ಲದೆ ನೋಡಿಬಿಟ್ಟೆ" ಎಂದಳು.

ಅವನ ನಗು ಹಾಗೇ ನಿಂತಿತು. ಮರುಕ್ಷಣ ಎದ್ದು ಅವಳಿಗೆ ಬೆನ್ನು ತಿರುಗಿಸಿ ನಿಂತುಬಿಟ್ಟ.

"ಮುಖ ಆ ಕಡೆ ಮಾಡು."

"ಏನು?"

"ಮುಖ ಆ ಕಡೆ ಮಾಡು ಮಾರಾಯ್ತಿ! ನಿನ್ನ ಮುಖ ನೋಡಿದ್ರೆ ನಂಗೆ ಗೊತ್ತಾಗಿಹೋಗುತ್ತೆ. ಫೋನ್ ಮಾಡೋಕೆ ಏನಾಗಿತ್ತು ನಿಂಗೆ?"

ಆಗ ಅವಳಿಗೆ ಹೊಳೆಯಿತು. ಎದುರಿಗೆ ಹೇಳುವುದೇ ಮರ್ಯಾದೆ ಎಂದುಕೊಂಡು ಮೂರು ಬಸ್ಸು ಹತ್ತಿ, ಗುಟ್ಟನ್ನು ಮುಖದ ಮೇಲೆ ಹೊತ್ತುಕೊಂಡು, ಅದನ್ನು ನೋಡಲೇಬಾರದ ಮನುಷ್ಯನ ಜಗಲಿಗೆ ಬಂದಿದ್ದಳು. ತಕ್ಷಣ ಅಂಗಳದ ಕಡೆ ತಿರುಗಿದಳು. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ನಿಂತು ಮಾತಾಡಿದರು.

"ಹೇಗಾಯ್ತು?" ಎಂದ. ಹೇಳಿದಳು.

"ಏನು ಕಂಡೆ ಅಂತ ಮಾತ್ರ ಒಂದಕ್ಷರ ಹೇಳ್ಬೇಡ. ಚೆನ್ನಾಗಿತ್ತು, ಚೆನ್ನಾಗಿರ್ಲಿಲ್ಲ, ಯಾವ್ದೂ ಬೇಡ. ಯಾರಿಗಾದ್ರೂ ಹೇಳಿದ್ಯಾ?"

"ವೀರೇಶನಿಗೆ."

"ಅದ್ಯಾರು, ಯಾವ ಯೂನಿವರ್ಸಿಟಿ?"

"ನಮ್ಮಣ್ಣ. ಪೈಪಿನಂಗಡಿ."

"ಸದ್ಯ!" ಎಂದ ಯಜ್ಞೇಶ.

ಒಳಗಿನಿಂದ ಅವನ ತಾಯಿ ತುಂಗಮ್ಮ ಎರಡು ಲೋಟ ಪಾನಕ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. "ಎಂತ ಇದು? ಬಂದ ಹುಡುಗಿ ಅತ್ಲಾಗೆ, ನೀನು ಇತ್ಲಾಗೆ? ಜಗಳ ಆಡಿದ್ರನಾ?"

"ಇಲ್ಲಮ್ಮ, ಆಫೀಸಿನ ವಿಷಯ" ಎಂದ ಯಜ್ಞೇಶ, ಗೋಡೆ ನೋಡುತ್ತಲೇ.

"ಚೆಂದ ಆಫೀಸು" ಎಂದು ತುಂಗಮ್ಮ ಒಂದು ಲೋಟವನ್ನು ದೀಕ್ಷಾಳ ಕೈಗೆ ಕೊಟ್ಟು, ಅವಳ ಕಣ್ಣು ನೋಡಿ ಏನೋ ಅರ್ಥವಾದವರಂತೆ ತಲೆ ಸವರಿ ಒಳಗೆ ಹೋದರು. ಪಾನಕ ತುಂಬ ಸಿಹಿಯಾಗಿತ್ತು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಈಗ ಏನು?" ಎಂದಳು ದೀಕ್ಷಾ.

"ಜರಡಿ ಇನ್ನು ಅನನ್ಯ ಆರಿಸ್ತಾಳೆ. ಅವಳಿಗೆ ಎರಡೂ ಗೊತ್ತು, ನೀನೇ ಕಲಿಸಿದೀಯ. ಇನ್ನು ಮೇಲೆ ಮೀಟಿಂಗಲ್ಲಿ ನೀನು ಕ್ಯಾಮೆರಾ ಆಫ್ ಮಾಡಿ, ಮೈಕ್ ಆಫ್ ಮಾಡಿ ಕೂರ್ಬೇಕು. ಅನನ್ಯನ ಹತ್ರ ಈ ವಿಷಯ ಮಾತಾಡೋ ಹಾಗಿಲ್ಲ. ಪಂಪು, ಪೈಪು ನೋಡ್ಕೋ."

"ಮುಸುಕು ತೆಗೆಯೋ ದಿನ ಮಾತಾಡೋದು?"

"ಅವಳೇ" ಎಂದ. ಆಮೇಲೆ ದನಿ ತಗ್ಗಿಸಿ, "ನೀನು ಬಸ್ ಇಳಿದು ಬರುವಾಗ ಮುಖ ಬಾಡಿತ್ತು ದೀಕ್ಷಾ. ನಾನು ಬಿಸಿಲಿಗೆ ಅಂದ್ಕೊಂಡೆ. ಇನ್ನು ಮುಂದೂ ಹಾಗೇ ಅಂದ್ಕೋತೀನಿ" ಎಂದ.

ನಿಜ ಹೇಳಿದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರಲ್ಲ, ಹಾಗೆ ಹೇಳುವವರನ್ನು ಹಿಡಿದು ಆ ವಾಪಸ್ಸು ಬಸ್ಸಿನಲ್ಲಿ ಕೂರಿಸಬೇಕಿತ್ತು. ದೀಕ್ಷಾಳಿಗೆ ಯಜ್ಞೇಶನ ಮೇಲೆ ಸಿಟ್ಟು ಬಂತು. ಒಂದು ಸಲ ಬಯ್ಯಲೂ ಇಲ್ಲವಲ್ಲ ಎಂದು ಸಿಟ್ಟು. ಅನನ್ಯಳ ಮೇಲೆ ಹೊಟ್ಟೆಕಿಚ್ಚು ಬಂತು. ತೀರ್ಥಹಳ್ಳಿ ಕಡೆಯ ಹುಡುಗಿ, ಪಿಎಚ್‌ಡಿಗೆ ಬಂದ ಮೊದಲ ದಿನ ಸ್ಪ್ಯಾನರ್ ಹಿಡಿಯಲು ಬಾರದೆ ಅತ್ತವಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜರಡಿಯ ಒಂದೊಂದು ಎಳೆಯನ್ನೂ ಕಲಿಸಿದ್ದು ತಾನೇ. ಶೃಂಗೇರಿಯಿಂದ ಕೊಪ್ಪದವರೆಗೆ ಸೀಟಿದ್ದರೂ ನಿಂತೇ ಬಂದಳು.

ಸೋಮವಾರ ಯಜ್ಞೇಶ ಎಲ್ಲರಿಗೂ ತಿಳಿಸಿದ. ಯಾರೂ ಬಯ್ಯಲಿಲ್ಲ. ನಿನ್ನ ಪ್ರಾಮಾಣಿಕತೆ ದೊಡ್ಡದು ಎಂದು ಕೆಲವರು ಬರೆದರು. ಅದನ್ನು ಓದಿದಾಗಲೆಲ್ಲ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಸಭೆಗಳಲ್ಲಿ ಅವಳ ಜಾಗದಲ್ಲಿ ಬರೀ ಕಪ್ಪು ಚೌಕ. ಅದರ ಹಿಂದೆ ತಾರಸಿಯ ಮೇಲೆ ಓಡಾಡುತ್ತ ಅವಳು ಕೇಳಿಸಿಕೊಳ್ಳುತ್ತಿದ್ದಳು. ಅನನ್ಯಳಿಗೆ ಆರಿಸಲು ಇನ್ನೊಂದು ವಾರ ಕೊಟ್ಟರು.

ನೀಲಾಂಬಿಕೆಗೆ ಇದ್ಯಾವುದೂ ಅರ್ಥವಾಗಲಿಲ್ಲ. ಮಗಳು ಒಳಗೊಳಗೇ ಬೇಯುತ್ತಿದ್ದಾಳೆ ಎಂಬುದು ಮಾತ್ರ ಆಯಿತು. "ಅದೇನು ಕಂಡ್ಯೋ ನಂಗಾದ್ರೂ ಹೇಳೇ. ನಾನ್ಯಾರಿಗೆ ಹೇಳ್ತೀನಿ?" ಎಂದರು. ದೀಕ್ಷಾಳಿಗೆ ಆ ವಾರದಲ್ಲಿ ನಗು ಬಂದದ್ದು ಅದೊಂದೇ ಸಲ.

ಅನನ್ಯಳಿಗೆ ಕೊಟ್ಟ ವಾರದ ಕೊನೆಯ ದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಿರುವಾಗ ಫೋನು ಬಂತು. ಅನನ್ಯ. ಪಂಪಿನ ವಿಷಯವಿರಬೇಕೆಂದು ಎತ್ತಿ ಸ್ಪೀಕರಿಗೆ ಹಾಕಿದಳು. ಕೈಯೆಲ್ಲ ಹಿಟ್ಟು.

"ಅಕ್ಕಾ, ನಾನು ಏನೂ ಕೇಳಲ್ಲ, ನೀವೂ ಏನೂ ಹೇಳ್ಬೇಡಿ" ಎಂದಿತು ಹುಡುಗಿಯ ದನಿ. ಅಳುತ್ತಿತ್ತೋ ಏನೋ. "ನಂಗೆ ಸಾಕಾಗಿದೆ ಅಕ್ಕ. ನಿಮ್ಮ ಜಾಗದಲ್ಲಿ ಕೂರೋಕೆ ನಂಗಿಷ್ಟ ಇಲ್ಲ. ಆದ್ರೂ ನೀವು ಕಲಿಸಿದ ಹಾಗೇ ಮಾಡ್ತೀನಿ. ಸಂಶಯ ಬಂದಾಗ ಬಿಸಾಕ್ಬೇಡ, ಇಟ್ಕೋ ಅಂತ ನೀವೇ ಹೇಳ್ತಿದ್ರಲ್ಲ? ಅದಕ್ಕೆ ಇವತ್ತು ಸಡಿಲದ್ದನ್ನೇ..."

ದೀಕ್ಷಾಳ ಕೈ ಹೆಂಚಿನ ಮೇಲೆಯೇ ನಿಂತಿತು. ಬೇಡ ಕಣೇ, ಬಿಗಿ ಮಾಡು, ಅಲೆ ಹೋಗಿಬಿಡುತ್ತೆ, ಎಲ್ಲ ಹೋಗಿಬಿಡುತ್ತೆ! ಮಾತು ಗಂಟಲಿನವರೆಗೆ ಬಂದಿತ್ತು. ಅನನ್ಯ ಹೇಳುತ್ತಿದ್ದುದು ಸರಿಯೇ ಇತ್ತು. ಆ ಶುಕ್ರವಾರದ ಮಧ್ಯಾಹ್ನದ ತನಕ ಅದು ಅವಳದೇ ಮಾತಾಗಿತ್ತು.

ಹಿಟ್ಟಿನ ಕೈಯಲ್ಲೇ ಫೋನು ಕಟ್ ಮಾಡಿದಳು. ಬೆರಳಿಗೆ ಹೆಂಚು ತಾಗಿ ಸುಟ್ಟಿದ್ದು ಆಮೇಲೆ ಗೊತ್ತಾಯಿತು. ಫೋನು ಮತ್ತೆ ಹೊಡೆದುಕೊಳ್ಳತೊಡಗಿತು.

"ಆ ಹುಡುಗೀದೇ ಅಲ್ವಾ? ಪಾಪ, ಎತ್ತೇ. ಇಷ್ಟೊಂದು ಮಾಡ್ತಿದಾಳೆ ಅಂದ್ರೆ ಏನೋ ಇರುತ್ತೆ" ಎಂದರು ನೀಲಾಂಬಿಕೆ.

"ಎತ್ತಿದ್ರೆ ಹೇಳಿಬಿಡ್ತೀನಮ್ಮ" ಎಂದಳು ದೀಕ್ಷಾ.

ನೀಲಾಂಬಿಕೆ ಮಗಳ ಮುಖ ನೋಡಿದರು. ಮತ್ತೆ ಎತ್ತು ಎನ್ನಲಿಲ್ಲ.